ಈ ಸಲ ಥಂಡೀನ ಬೀಳವಲ್ದು. ಕಡ್ಲಿ ಹೂ ಉದುರ್ತಾವ, ಮಾವು ಚಿಗುರ್ತದ. ಇದು ಹವಾಮಾನ ಬದಲಾವಣಿನ?

ಎರಿಹೊಲ (ಅಣ್ಣಿಗೇರಿ):
ಡಿಸೆಂಬರ್ ಬಂದ್ರೂ ರಾತ್ರಿ ಹೊದಿಕಿ ಬೇಕು ಅನಿಸೋವಷ್ಟು ಥಂಡಿ ಇಲ್ಲ. ಫೋನಿನ್ಯಾಗ ಮುಂಜಾನಿ 18-19 ಡಿಗ್ರಿ ತೋರಸ್ತದ, ವಾರದಿಂದ ಮ್ವಾಡ ಬ್ಯಾರೆ. ಅಕ್ಟೋಬರ್ ಎರಡನೇ ವಾರ ಬಿತ್ತಿದ ಜೆಜಿ-11 ಕಡ್ಲಿ ಹೂ ಉದುರಸ್ಲಿಕ್ಕತ್ತದ, ಅಲ್ಲಲ್ಲಿ ಗಿಡನೂ ಒಣಗ್ಯಾವ. ಬದುವಿನ ಮ್ಯಾಲಿನ ಆಪೂಸ್ ಮಾವಿನ ಗಿಡಗಳು ಹೂ ಬಿಡೂದು ಬಿಟ್ಟು ಕೆಂಪು ಚಿಗುರು ಹೊಡದಾವ. ಕಟ್ಟಿ ಮ್ಯಾಲೆ ಕುಂತವರೊಳಗ ಅರ್ಧ ಮಂದಿ "ಎಲ್ಲಾ ಹವಾಮಾನ ಬದಲಾವಣಿ" ಅಂತಾರ, ಇನ್ನರ್ಧ "ಒಂದೊಂದು ವರ್ಷ ಹಿಂಗ" ಅಂತಾರ. ಯಾವುದು ಖರೆ? ಅದಕ್ಕಿಂತ ಮೊದಲು, ಈ ಬೆಳಿಗೆ ಈಗ ಏನು ಮಾಡಬೇಕು?

ಹಿಂಗಾರಿ_ಗದಗ:
ಹೂ ಉದುರುವುದನ್ನು ಥಂಡಿ ಇಲ್ಲದ್ದರ ತಲೆಗೆ ಕಟ್ಟಬೇಡಿ. ರಾತ್ರಿ 18 ಡಿಗ್ರಿ ಕಡಲೆಗೆ ಏನೂ ಮಾಡುವುದಿಲ್ಲ. ಹಗಲು 35 ದಾಟಿದರೆ ಹೂ ಕಾಯಿ ಕಚ್ಚುವುದಿಲ್ಲ, ಉತ್ತರ ಭಾರತದಂಥ ಕೊರೆಯುವ ಚಳಿಯಲ್ಲೂ ಕಚ್ಚುವುದಿಲ್ಲ. ನಿಮ್ಮಲ್ಲಿ ಎರಡೂ ಇಲ್ಲ. ವಾರಗಟ್ಟಲೆ ಮೋಡ ಮುಸುಕಿ ಬಿಸಿಲು ಸಾಲದೆ ಹೋದರೆ ಗಿಡ ಹೂ ಚೆಲ್ಲುತ್ತದೆ, ತಳದ ಹಸಿ ಆರಿದ್ದರೆ ಇನ್ನೂ ಹೆಚ್ಚು. ಸಲಿಕೆ ಹಿಡಿದು ಒಂದಡಿ ಅಗೆದು ಮಣ್ಣು ಹಿಂಡಿ ನೋಡಿ. ಉಂಡೆ ಕಟ್ಟಿದರೆ ಹಸಿ ಇದೆ, ಪುಡಿಯಾದರೆ ಇಲ್ಲ.

ಹಸಿ ಇದ್ದರೆ 13-0-45 (ಪೊಟ್ಯಾಸಿಯಂ ನೈಟ್ರೇಟ್) ಲೀಟರಿಗೆ 10 ಗ್ರಾಂ, ಅಂದರೆ 16 ಲೀಟರ್ ಪಂಪಿಗೆ 160 ಗ್ರಾಂ. ಅದರ ಬದಲು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ (ಬೇಳೆಕಾಳು ಬೆಳೆಗೆ ಸಿಂಪಡಿಸುವ ಪೋಷಕಾಂಶದ ಮಿಶ್ರಣ) ಆದರೂ ಆಗುತ್ತದೆ: ಎಕರೆಗೆ 2 ಕಿಲೋ, 200 ಲೀಟರ್ ನೀರು, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಹಸಿ ಇಲ್ಲದಿದ್ದರೆ ಸಿಂಪಡಣೆಗೆ ಸುರಿದ ದುಡ್ಡು ಅರ್ಧ ದಂಡ. ಕೃಷಿ ಹೊಂಡದಲ್ಲಿ ನೀರಿದ್ದರೆ ತುಂತುರು ಪೈಪ್ ಜೋಡಿಸಿ ಒಂದು ತೆಳು ನೀರು ಕೊಡಿ. ಎರೆ ಹೊಲಕ್ಕೆ ಹಾಯಿ ನೀರು ಬಿಡಲೇಬೇಡಿ. ನಿಂತ ನೀರಿಗೆ ಬೇರು ಉಸಿರಾಡದೆ ಎಲೆ ಹಳದಿಯಾಗುತ್ತದೆ, ಆಮೇಲೆ ಗಿಡ ಸೊಪ್ಪಿಗೆ ತಿರುಗುತ್ತದೆ, ಕಾಯಿಗಲ್ಲ.

ಒಣಗಿದ ಗಿಡ ಕಿತ್ತು ನೋಡದೆ ಅಂಗಡಿಗೆ ಹೋಗಬೇಡಿ. ತಾಯಿಬೇರು ಒಣಗಿ ಪಟ್ಟನೆ ಮುರಿದು, ಸಣ್ಣ ಬೇರುಗಳು ಉದುರಿ ಹೋಗಿದ್ದರೆ ಒಣ ಬೇರು ಕೊಳೆ. ಬೇರು ನೆಟ್ಟಗಿದ್ದು, ಉದ್ದಕ್ಕೆ ಸೀಳಿದಾಗ ಒಳಗೆ ಕಪ್ಪು-ಕಂದು ಗೆರೆ ಕಂಡರೆ ಸೊರಗು ರೋಗ. ಬೆಚ್ಚಗಿನ, ಹಸಿ ಕಡಿಮೆ ಇರುವ ವರ್ಷ ಮೊದಲನೆಯದೇ ಜಾಸ್ತಿ, ಒಂದು ತೆಳು ನೀರು ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಬಿದ್ದ ಗಿಡಕ್ಕೆ ಎರಡಕ್ಕೂ ಔಷಧ ಇಲ್ಲ. ಮುಂದೆ ಕಡಲೆ ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಶಿಲೀಂಧ್ರ) ಹಚ್ಚಿ, ಸೊರಗು ಬಂದ ಹೊಲಕ್ಕೆ ಮುಂದಿನ ವರ್ಷ ಕಡಲೆ ಬದಲು ಬಿಳಿಜೋಳ ಹಾಕಿ.

ಬೆಚ್ಚಗಿನ ಚಳಿಗಾಲದ ನಿಜವಾದ ಪೆಟ್ಟು ಅವಸರ. 95-100 ದಿನಕ್ಕೆ ಬರುವ ಬೆಳೆ ಮೊದಲೇ ಮಾಗಿ ಕಾಳು ಸಣ್ಣಗಾಗುತ್ತದೆ. ಕಾಯಿಕೊರಕ ಹುಳುವಿನ ಪೀಳಿಗೆಯೂ ಬೇಗ ತಿರುಗುತ್ತದೆ. ಹತ್ತು ಕಡೆ ಒಂದೊಂದು ಮೀಟರ್ ಸಾಲು ಅಳೆದು ಹುಳು ಎಣಿಸಿ. ಸರಾಸರಿ ಮೀಟರಿಗೆ ಒಂದು ಹುಳು ಸಿಕ್ಕರೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, ಎಕರೆಗೆ 80-90 ಗ್ರಾಂ. ಹುಳು ಬಲಿತ ಮೇಲೆ ಹೊಡೆದು "ಔಷಧ ಡೂಪ್ಲಿಕೇಟ್" ಅನ್ನುವವರೇ ಬಹಳ.

ಗೋಧಿ ಹಾಕಿದವರಿಗೆ ಇದಕ್ಕಿಂತ ಜಾಸ್ತಿ ಹೊಡೆತ. ಗೋಧಿ ಬೆಳೆಯುವುದು ದಿನದಿನದ ಕಾವು ಕೂಡಿದಂತೆ: ದಿನದ ಸರಾಸರಿ ಉಷ್ಣಾಂಶದಿಂದ 5 ಕಳೆದು ಕೂಡಿಸುತ್ತಾ ಹೋಗಿ. ತೆನೆ ಬರಲು 1000 ಬೇಕು ಅಂದುಕೊಂಡರೆ, ಸರಾಸರಿ 22 ಇದ್ದಾಗ 59 ದಿನ, 24 ಇದ್ದಾಗ 53 ದಿನ. ಆ ಆರು ದಿನದಲ್ಲಿ ಬುಡದಿಂದ ಒಡೆಯಬೇಕಾದ ಮರಿ (ತೆಂಡೆ) ಒಡೆಯುವುದೇ ಇಲ್ಲ.

ಆಪೂಸ್_ಕೆಲಗೇರಿ:
ಮಾವಿನ ಮಾತು ಬೇರೆ, ಅದಕ್ಕೆ ಥಂಡಿ ಬೇಕೇ ಬೇಕು. ರಾತ್ರಿ 10ರಿಂದ 15 ಡಿಗ್ರಿ ಎರಡು-ಮೂರು ವಾರ ಸಿಕ್ಕರೆ ಬಲಿತ ಕಡ್ಡಿಯ ತುದಿ ಹೂವಿಗೆ ತಿರುಗುತ್ತದೆ. ಬೆಚ್ಚಗಿದ್ದು, ಬುಡದಲ್ಲಿ ಹಸಿಯೂ ಇದ್ದರೆ ಅದೇ ತುದಿ ಚಿಗುರಾಗುತ್ತದೆ. ಥಂಡಿ ನಮ್ಮ ಕೈಯಲ್ಲಿಲ್ಲ, ಹಸಿ ನಮ್ಮ ಕೈಯಲ್ಲಿದೆ. ನಿಮ್ಮ ಗಿಡ ಬದುವಿನ ಮೇಲಿದೆ ಅಂದಿರಿ. ಕಡಲೆಗೆ ನೀರು ಕೊಡುವಾಗ ಅದರ ಬುಡಕ್ಕೆ ಒಂದು ಹನಿಯೂ ಹೋಗದಂತೆ ನೋಡಿಕೊಳ್ಳಿ. ಯೂರಿಯಾ, ಗೊಬ್ಬರ ಏನೂ ಬೇಡ.

ಕೆಂಪು ಚಿಗುರು ಬಂದ ಕಡ್ಡಿಯ ಆಸೆ ಈ ವರ್ಷಕ್ಕೆ ಬಿಡಿ. ಚಿವುಟಿದರೆ ಮತ್ತೆ ಚಿಗುರೇ ಬರುತ್ತದೆ. ಅದೇ ಗಿಡದಲ್ಲಿ ಕಡುಹಸಿರಾಗಿ, ಮಡಚಿದರೆ ಪಟ್ಟನೆ ಮುರಿಯುವ ಎಲೆಯ ಕಡ್ಡಿಗಳೂ ಇರುತ್ತವೆ. ಅವುಗಳಿಗೆ ಪೊಟ್ಯಾಸಿಯಂ ನೈಟ್ರೇಟ್ ಲೀಟರಿಗೆ 10 ಗ್ರಾಂ, ಎಲೆ ತೊಯ್ಯುವಂತೆ, ಸಂಜೆ ಹೊತ್ತು. ಇದು ತಯಾರಾದ ಮೊಗ್ಗನ್ನು ಎಬ್ಬಿಸುತ್ತದೆ ಅಷ್ಟೇ, ತಯಾರಾಗದ ಕಡ್ಡಿಗೆ ಹೊಡೆದರೆ ಎಲೆಯನ್ನೇ ಎಬ್ಬಿಸುತ್ತದೆ.

ಯಾರಾದರೂ ಈಗ ಕಲ್ಟಾರ್ (ಚಿಗುರು ತಡೆದು ಹೂ ಬರಿಸುವ ಔಷಧ, ಪ್ಯಾಕ್ಲೋಬ್ಯುಟ್ರಜೋಲ್) ಹಾಕಿ ಅಂದರೆ ಕೇಳಬೇಡಿ. ಅದು ಆಗಸ್ಟ್-ಸೆಪ್ಟೆಂಬರಿನ ಕೆಲಸ: ಗಿಡದ ಕೊಂಬೆಗಳ ಹರವು ಅಡ್ಡಕ್ಕೆ ಎಷ್ಟು ಮೀಟರೋ ಅಷ್ಟು ಸಲ 3 ಮಿಲಿ, ನೀರಿಗೆ ಬೆರೆಸಿ ಬುಡದ ಸುತ್ತ ಹಸಿ ಮಣ್ಣಿಗೆ. ಮಣ್ಣಲ್ಲಿ ಉಳಿಯುವ ಔಷಧ ಅದು. ವರ್ಷ ವರ್ಷ ಪೂರ್ತಿ ಪ್ರಮಾಣ ಹಾಕಿದರೆ ಹೂಗೊಂಚಲು ಮುದುಡಿ, ಒಳಗೆ ಜಿಗಿಹುಳು, ಬೂದಿರೋಗ ಎರಡೂ ಮನೆ ಮಾಡುತ್ತವೆ.

ವರದಾ_ಹಾವೇರಿ:
ಬೆಳೆಯ ಮಾತು ಒಪ್ಪಿದೆ. ಆದರೆ ಥಂಡಿ ಕಡಿಮೆಯಾದಾಗಲೆಲ್ಲ ಹವಾಮಾನ ಬದಲಾವಣೆ ಅನ್ನುವುದು ಒಂದು ಚಟ ಆಗಿದೆ. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಕಾಯುವುದು) ವರ್ಷ ಚಳಿ ಕಡಿಮೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೋಡ. ಸೂರ್ಯನಿಗೂ 11 ವರ್ಷದ ಚಕ್ರ ಇದೆ. ಹುಬ್ಬಳ್ಳಿಯಲ್ಲಿ ಬೆಚ್ಚಗಾಗಿದ್ದರೆ ಅದು ಕಾಂಕ್ರೀಟಿನ ಕಾವು. ಇಷ್ಟು ಕಾರಣ ಇರುವಾಗ ಇಂಗಾಲವೇ ಯಾಕೆ?

ಕನಿಷ್ಠ_ಗರಿಷ್ಠ (ಹುಬ್ಬಳ್ಳಿ):
ನೀವು ಹೇಳಿದವುಗಳಲ್ಲಿ ಮೋಡ, ಎಲ್ ನಿನೊ, ಕಾಂಕ್ರೀಟು ಮೂರೂ ನಿಜ. ಆದರೆ ಅವು "ಈ ವರ್ಷ ಯಾಕೆ, ಈ ಊರಲ್ಲಿ ಯಾಕೆ" ಅನ್ನುವುದಕ್ಕೆ ಉತ್ತರ. ದಶಕಗಳ ಏರಿಕೆ ಬೇರೆ ಪ್ರಶ್ನೆ. ಕಟ್ಟೆಯ ಮೇಲಿನ ಎರಡೂ ಗುಂಪು ಜಗಳವಾಡುತ್ತಿರುವುದು ಎರಡನ್ನೂ ಕಲಸಿದ್ದರಿಂದ.

ನಮ್ಮ ಕಡೆಯ ಥಂಡಿ ಅಂದರೆ ಬಡಗಣ ಒಣಗಾಳಿ ಮತ್ತು ತಿಳಿ ಆಕಾಶ. ಹಗಲು ಕಾದ ಎರೆಮಣ್ಣು ರಾತ್ರಿ ಕಾವನ್ನು ಮೇಲಕ್ಕೆ ಬಿಡುತ್ತದೆ. ಮೋಡ, ತೇವ ಅದನ್ನು ತಡೆದು ವಾಪಸ್ ಕಳಿಸುತ್ತವೆ. ಇದನ್ನು ಗುರುತಿಸುವುದು ಸುಲಭ: ಗರಿಷ್ಠದಿಂದ ಕನಿಷ್ಠ ಕಳೆಯಿರಿ. ಆ ಅಂತರ ಕುಗ್ಗಿ, ಹಗಲು ವಾಡಿಕೆಯಷ್ಟೇ ಇದ್ದರೆ ಈ ವಾರದ ಆಟ ಮೋಡದ್ದು.

ಸೂರ್ಯನ ವಾದ ಮಾತ್ರ ನಿಲ್ಲುವುದಿಲ್ಲ. 11 ವರ್ಷದ ಚಕ್ರದಲ್ಲಿ ಅವನ ಶಕ್ತಿ ಏರಿಳಿಯುವುದು ಸುಮಾರು ಶೇ. 0.1 ಮಾತ್ರ. ಅವನೇ ಕಾರಣವಾಗಿದ್ದರೆ ವಾಯುಮಂಡಲ ಮೇಲಿಂದ ಕೆಳಗಿನವರೆಗೂ ಕಾಯಬೇಕಿತ್ತು. ಆದರೆ ಕೆಳಪದರ ಕಾಯುತ್ತಿದೆ, ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಹಸಿರುಮನೆ ಅನಿಲ ಹೆಚ್ಚಿದರೆ ಆಗುವುದು ಹಾಗೆಯೇ. ಹವಾಯಿ ದ್ವೀಪದ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಎಲ್ ನಿನೊ ಬಂದ ವರ್ಷ ಉಷ್ಣಾಂಶ ಏರಿಸುತ್ತದೆ, ಹೋದ ಮೇಲೆ ಇಳಿಸುತ್ತದೆ, ಆದರೆ ಇಳಿದು ನಿಲ್ಲುವ ಮಟ್ಟವೇ ಮೇಲೆ ಹೋಗುತ್ತಿದೆ. ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ 1901ರಿಂದೀಚೆಗೆ ದೇಶಕ್ಕೆ ಅತಿ ಬೆಚ್ಚಗಿನ ವರ್ಷ 2024, ಅದೂ 1991-2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚು.

ನಮ್ಮ ಜಿಲ್ಲೆಗೆ ಎಷ್ಟು ಅನ್ನುವುದನ್ನು ಯಾರ ಮಾತೂ ಕೇಳದೆ ನೋಡಬಹುದು. ಹವಾಮಾನ ಇಲಾಖೆಯ ಪುಣೆ ಕಚೇರಿಯ ಜಾಲತಾಣದಲ್ಲಿ 1951ರಿಂದ ಪ್ರತಿದಿನದ ಗರಿಷ್ಠ, ಕನಿಷ್ಠ ಉಷ್ಣಾಂಶ, ದೇಶದ ನಕ್ಷೆಯನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದರಂತೆ, ಪುಕ್ಕಟೆ ಸಿಗುತ್ತದೆ. ಒಂದು ಚೌಕ ಸುಮಾರು 110 ಕಿ.ಮೀ., ಹಾಗಾಗಿ ಧಾರವಾಡಕ್ಕೂ ಗದಗಿಗೂ ವ್ಯತ್ಯಾಸ ಅದರಲ್ಲಿ ಹುಡುಕಬೇಡಿ. ಪ್ರತಿ ವರ್ಷ ನವೆಂಬರ್ 15ರಿಂದ ಜನವರಿ 31ರವರೆಗೆ ಕನಿಷ್ಠ 15ರ ಕೆಳಗೆ ಇಳಿದ ರಾತ್ರಿಗಳನ್ನು ಎಣಿಸಿ. 1961-90ರ ಸರಾಸರಿಯನ್ನು 1991-2020ರ ಜೊತೆ ಹೋಲಿಸಿ. ಐದು-ಹತ್ತು ವರ್ಷ ಆರಿಸಿಕೊಂಡರೆ ಎರಡೂ ಗುಂಪಿಗೆ ಬೇಕಾದ ಉತ್ತರ ಸಿಗುತ್ತದೆ, ಅದೇ ಮೋಸ.

ಫೋನಿನ ಅಂಕಿ ಅಳತೆಯಲ್ಲ, ಗಣಕದ ಅಂದಾಜು. ಗೋಡೆಗೆ ತೂಗುಹಾಕಿದ ಮಾಪಕ ಗೋಡೆಯ ಕಾವನ್ನೇ ತೋರಿಸುತ್ತದೆ. ಶಾಲೆ-ಕಾಲೇಜಿನಲ್ಲಿ ಅಳೆಯುವವರು ಗಾಳಿಯಾಡುವ ಬಿಳಿ ಪೆಟ್ಟಿಗೆಯನ್ನು ಬಯಲಲ್ಲಿ ನೆಲದಿಂದ ಸುಮಾರು 1.25 ಮೀಟರ್ ಎತ್ತರದಲ್ಲಿಡಿ, ಬಾಗಿಲು ಉತ್ತರಕ್ಕಿರಲಿ. ಮುಂಜಾನೆ 8:30ಕ್ಕೆ ಓದಿ, ಕನಿಷ್ಠ ಮಾಪಕದೊಳಗಿನ ಸೂಚಿಕಡ್ಡಿಯನ್ನು ದ್ರವದ ತುದಿಗೆ ಸರಿಸಿ. ಕನಿಷ್ಠ ಮಾಪಕದ ಆಲ್ಕೋಹಾಲ್ ಎಳೆ ಮಧ್ಯೆ ತುಂಡಾದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಊರಿಗೆಲ್ಲ ಇಲ್ಲದ ಥಂಡಿ ನಿಮ್ಮ ಪೆಟ್ಟಿಗೆಯಲ್ಲಿ ಕಂಡರೆ ಮೊದಲು ಆ ಎಳೆ ನೋಡಿ.

ವರದಾ_ಹಾವೇರಿ:
ಸೂರ್ಯನ ಮಾತು ಬಿಟ್ಟೆ. ಆದರೆ ಮೊದಲು ಬಯಲಲ್ಲಿದ್ದ ಕೇಂದ್ರದ ಸುತ್ತ ಈಗ ಮನೆ ಎದ್ದಿದ್ದರೆ ಆ ಕಾವು ಚೌಕದ ಲೆಕ್ಕದಲ್ಲೂ ಸೇರುತ್ತದಲ್ಲ?

ಕನಿಷ್ಠ_ಗರಿಷ್ಠ (ಹುಬ್ಬಳ್ಳಿ):
ಸೇರುತ್ತದೆ, ಈ ಪ್ರಶ್ನೆಗೆ ತೂಕ ಇದೆ. ಅದಕ್ಕೇ ಸುತ್ತಲಿನ ಚೌಕಗಳನ್ನೂ ತೆಗೆದು ನೋಡಬೇಕು. ನಗರ ಕಡಿಮೆ ಇರುವಲ್ಲೂ ಅದೇ ದಿಕ್ಕಿಗೆ ಏರಿದ್ದರೆ ಕಾಂಕ್ರೀಟು ಕಾರಣವಲ್ಲ. ಸಮುದ್ರದ ನೀರೂ ಕಾದಿದೆ, ಅಲ್ಲಿ ಯಾರೂ ಮನೆ ಕಟ್ಟಿಲ್ಲ.

ಎರಿಹೊಲ (ಅಣ್ಣಿಗೇರಿ):
ಗಿಡ ಕಿತ್ತು ನೋಡ್ದೆ, ಬೇರು ಪಟ್ಟನ ಮುರಿತು. ಹೊಂಡದಾಗ ನೀರದ, ನಾಳೆ ಪೈಪ್ ಹಾಕ್ತೀನಿ. 13-0-45 ಮತ್ತ ಹುಳದ ಔಷಧ ಒಂದ ಪಂಪಿನ್ಯಾಗ ಹಾಕಬಹುದಾ?

ಹಿಂಗಾರಿ_ಗದಗ:
ಎಮಾಮೆಕ್ಟಿನ್ ಆದರೆ ನಡೆಯುತ್ತದೆ. ಮೊದಲು ಬಕೆಟ್‌ನಲ್ಲಿ ಎರಡನ್ನೂ ಅದೇ ಪ್ರಮಾಣಕ್ಕೆ ಬೆರೆಸಿ ಅರ್ಧ ಗಂಟೆ ಇಡಿ. ತಳದಲ್ಲಿ ಗಸಿ ಕೂತರೆ ಬೇರೆ ಬೇರೆ ಹೊಡೆಯಿರಿ. ಎನ್‌ಪಿವಿ ನಂಜಾಣು (ಕಾಯಿಕೊರಕಕ್ಕೆ ರೋಗ ತರುವ ವೈರಸ್) ತಂದಿದ್ದರೆ ಅದನ್ನು ಯಾವುದರ ಜೊತೆಗೂ ಬೆರೆಸದೆ ಬೆಲ್ಲದ ನೀರಲ್ಲಿ ಸಂಜೆ ಹೊಡೆಯಬೇಕು, ಬಿಸಿಲಿಗೆ ಸತ್ತು ಹೋಗುತ್ತದೆ. ನೀರು ಮೊದಲು ಕೊಡಿ, ಸಿಂಪಡಣೆ ಎರಡು ದಿನ ಬಿಟ್ಟು. ಹಿಂದು ಮುಂದಾದರೆ ತುಂತುರು ನೀರು ಔಷಧವನ್ನೇ ತೊಳೆದುಬಿಡುತ್ತದೆ.