ಸೂಪರ್‌ನೋವಾಗೆ ಕನ್ನಡದಲ್ಲಿ ಏನೆನ್ನಬೇಕು? (ನಾಳೆ ಸಂಜೆಯೊಳಗೆ ಬೇಕು)

ಶಿವಮೊಗ್ಗದಿಂದ:
ಬಲ್ಲವರಲ್ಲಿ ವಿನಂತಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಫ್ಲೆಕ್ಸ್ ಬರೆಸುತ್ತಿದ್ದೇನೆ. ವಿಶ್ವ ಹುಟ್ಟಿ ಹತ್ತಿಪ್ಪತ್ತು ಕೋಟಿ ವರ್ಷಗಳಲ್ಲಿ ಬೆಳಗಿದ ಮೊದಲ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಕಾಣುವುದು ಜೇಮ್ಸ್ ವೆಬ್ ದೂರದರ್ಶಕಕ್ಕೂ ಕಷ್ಟ. ಅವು ಸಿಡಿದು ಸಾಯುವಾಗಿನ ಬೆಳಕಾದರೂ ಸಿಕ್ಕೀತೆಂದು ಹುಡುಕುತ್ತಿದ್ದಾರೆ. ತಾರೆಯ ಈ ಸಿಡಿತಕ್ಕೆ, ಅಂದರೆ ಸೂಪರ್‌ನೋವಾಗೆ, ‘ಮಹಾನವ್ಯ’ ಎನ್ನಬಹುದೇ? ಬಲು ಭಾರದ ತಾರೆಗಳನ್ನು ಸಿಡಿಸುವ ‘ಪೇರ್ ಇನ್‌ಸ್ಟೆಬಿಲಿಟಿ’ಗೆ ‘ಜೋಡಿ ಅಸ್ಥಿರತೆ’ ಸರಿಯೇ? ಆ ತಾರೆಗಳಲ್ಲಿ ‘ಲೋಹ’ ಇರಲಿಲ್ಲ ಎಂದರೆ ಮಕ್ಕಳು ಕಬ್ಬಿಣ, ತಾಮ್ರ ಎಂದುಕೊಳ್ಳುತ್ತಾರೆ. ಖಗೋಳದವರಿಗೋ ಹೀಲಿಯಂಗಿಂತ ಭಾರವಾದದ್ದೆಲ್ಲ, ಆಮ್ಲಜನಕ ಕೂಡ, ಲೋಹವೇ!

ತೀರ್ಥಹಳ್ಳಿಯಿಂದ:
ಮಹಾನವ್ಯ ಬೇಡ. ನಮ್ಮ ಕಡೆ ನವ್ಯ ಎಂದರೆ ಅನಂತಮೂರ್ತಿ. ಮಹಾನವ್ಯ ಎಂದರೆ ಅವರಿಗಿಂತ ದೊಡ್ಡ ಕಥೆಗಾರ ಬಂದನೆಂದುಕೊಂಡಾರು. ಅದಿರಲಿ, ಲ್ಯಾಟಿನ್ನಿನಲ್ಲಿ ‘ಹೊಸದು’ ಎನ್ನುವ ‘ನೋವಾ’ ಎಂಬುದೇ ತಪ್ಪು ತಿಳಿವಳಿಕೆಯ ಕೂಸು. 1572ರಲ್ಲಿ ಖಗೋಳಜ್ಞ ಟೈಕೋ ಬ್ರಾಹೆ ‘ಹೊಸ ತಾರೆ’ ಎಂದು ಬರೆದದ್ದು ಹಳೆಯ ತಾರೆಯೊಂದರ ಸಾವನ್ನು. ಲ್ಯಾಟಿನ್ನಿನ ತಪ್ಪನ್ನು ಸಂಸ್ಕೃತಕ್ಕೆ ನಕಲಿಸಿ ಕನ್ನಡವೆನ್ನುವುದು ಯಾವ ನ್ಯಾಯ? ‘ಸೂಪರ್‌ನೋವಾ’ ಎಂದೇ ಬರೆಯಿರಿ.

ಸಾಗರದಿಂದ:
ಹಳಗನ್ನಡದಲ್ಲಿ ತಾರೆಗೆ ‘ಅರಿಲ್’ ಇದೆ. ‘ಸಿಡಿಯರಿಲು’ ಎನ್ನಿ. ಮೊದಲಿನವು ‘ಮೊದಲರಿಲು’. ಮುಗಿಯಿತು.

ಹೊಸನಗರದಿಂದ:
‘ಸಿಡಿಯರಿಲು’ ಓದಿದ ಮಗು ಸಿಡಿಲು ಎಂದುಕೊಳ್ಳುತ್ತದೆ. ಮಲೆನಾಡಿನಲ್ಲಿ ಅದಕ್ಕೇನು ಬರವೇ? ‘ನಕ್ಷತ್ರ’ವೂ ಬೇಡ. ಗದ್ದೆ ಮಾಡುವವರಿಗೆ ನಕ್ಷತ್ರ ಎಂದರೆ ಮಳೆ, ‘ಮೊದಲ ನಕ್ಷತ್ರ’ ಎಂದರೆ ಪಂಚಾಂಗದ ಅಶ್ವಿನಿ. ಅಂದ ಹಾಗೆ, ಆರಿದ್ರಾ ಮಳೆಗೆ ಹೆಸರು ಕೊಟ್ಟ ಕೆಂಪು ತಾರೆಯೂ ಮುಂದೊಮ್ಮೆ ಸಿಡಿಯುವಂಥದ್ದೇ. ಫ್ಲೆಕ್ಸಿನ ಮೂಲೆಯಲ್ಲಿ ಅದನ್ನು ಹಾಕಿ, ಜನ ನಿಂತು ಓದುತ್ತಾರೆ.
‘ಜೋಡಿ ಅಸ್ಥಿರತೆ’ ಗಂಡ ಹೆಂಡಿರ ಜಗಳದಂತಿದೆ. ಸೂರ್ಯನ ಸುಮಾರು 140ರಿಂದ 260 ಪಟ್ಟು ತೂಗುವ ತಾರೆಯ ಒಡಲಲ್ಲಿ ಗಾಮಾ ಕಿರಣಗಳು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳಾಗಿಬಿಡುತ್ತವೆ. ಒಳಗಿನಿಂದ ಒತ್ತಿ ಹಿಡಿದಿದ್ದ ಬೆಳಕು ಸೋಲುತ್ತದೆ, ತಾರೆ ಕುಸಿಯುತ್ತದೆ, ಆಮ್ಲಜನಕ ಒಮ್ಮೆಲೇ ಹೊತ್ತಿಕೊಂಡು ಕಪ್ಪುಕುಳಿಯೂ ಉಳಿಯದಂತೆ ಎಲ್ಲ ಚೂರಾಗುತ್ತದೆ. ಆದ್ದರಿಂದ ‘ಕಣಜೋಡಿ ಸ್ಫೋಟ’. ಲೋಹದ ಬದಲು ‘ಭಾರ ಧಾತು’.

ಸಾಗರದಿಂದ:
‘ಧಾತು’ ಕನ್ನಡವೇ?

ತೀರ್ಥಹಳ್ಳಿಯಿಂದ:
ತಮ್ಮ ಊರಿನ ಹೆಸರೇ ಸಂಸ್ಕೃತ. ಮೊದಲು ಅದನ್ನು ‘ಕಡಲು’ ಮಾಡಿಸಿ ಬನ್ನಿ. ಬಸ್ಸು, ರೈಲುಗಳನ್ನು ಹೊತ್ತ ಕನ್ನಡಕ್ಕೆ ಸೂಪರ್‌ನೋವಾ ಒಂದು ಭಾರವೇ?

ಸಾಗರದಿಂದ:
ನಿಮ್ಮದೂ ಅರ್ಧ ಊರು ಸಂಸ್ಕೃತವೇ. ಸಾಲ ತಂದವನು ಮನೆಯಲ್ಲಿ ಇದ್ದದ್ದನ್ನು ಹಿತ್ತಲಿಗೆ ಎಸೆಯಬೇಕಿಲ್ಲ.

ಶಿವಮೊಗ್ಗದಿಂದ:
ಎಲ್ಲರಿಗೂ ವಂದನೆ. ‘ಮೊದಲ ತಲೆಮಾರಿನ ತಾರೆಗಳು: ಸ್ಫೋಟದ ಬೆಳಕಿನಲ್ಲಿ ಹುಡುಕಾಟ’ ಎಂದು ಕೊಟ್ಟೆ. ಒಳಗೆ ಕಣಜೋಡಿ, ಸೂಪರ್‌ನೋವಾ ಎರಡೂ ಇವೆ, ಆರಿದ್ರಾ ಕೂಡ. ಆದರೆ ಅಂಗಡಿಯವರು ‘ಸ್ಪೋಟ’ ಎಂದು ಅಚ್ಚು ಹಾಕಿದ್ದಾರೆ. ಮೇಲೆ ಚೀಟಿ ಅಂಟಿಸುತ್ತಿದ್ದೇನೆ.

ಸಾಗರದಿಂದ:
ಅಂಟಿಸಬೇಡಿ. ಈ ಮಹಾಪ್ರಾಣವನ್ನು ನಿಮ್ಮೂರಲ್ಲಿ ಯಾರು ಉಚ್ಚರಿಸುತ್ತಾರೆ? ಅಂಗಡಿಯವರೇ ಸರಿ.