ಪದಚರ್ಚೆ: ಫೋಟೊ ‘ಹಂಚಿಕೊಳ್ಳಿ’ ಅನ್ನೋದಕ್ಕೆ ಬೇರೆ ಮಾತು ಬೇಕು (ಫ್ಲೆಕ್ಸಿಗೆ, ನಾಳೆ ಬೆಳಿಗ್ಗೆಯೊಳಗೆ)

ತೊಗರಿಹೊಲ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಕೆಲಸ ಅರ್ಜೆಂಟ್ ಇದೆ, ನೇರ ವಿಷಯಕ್ಕೆ ಬರುತ್ತೇನೆ.

ನಮ್ಮದೊಂದು ಬಳಗ ಇದೆ. ಫೋನಿನಲ್ಲೇ ಪರಿಚಯ ಆದವರು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯವರು ಇದ್ದೇವೆ. ತಿರುಗಾಡಿದ ಊರಿನ ಫೋಟೊ, ಮನೆಯ ಫೋಟೊ ಒಬ್ಬರಿಗೊಬ್ಬರು ಕಳಿಸುತ್ತಾ ಬಂದಿದ್ದೇವೆ. ಈ ಭಾನುವಾರ ಅದರಲ್ಲಿ ಕೆಲವನ್ನು ಪ್ರಿಂಟ್ ಹಾಕಿಸಿ, ಒಂದು ಹಾಲಿನಲ್ಲಿ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ನೇತು ಹಾಕುತ್ತಿದ್ದೇವೆ. ನೋಡಲು ಬಂದವರೂ ತಮ್ಮ ಫೋಟೊ ತಂದು ಸಿಕ್ಕಿಸಬಹುದು. ಬಾಗಿಲಲ್ಲಿ ಒಂದು ಫ್ಲೆಕ್ಸ್ ಬೇಕು.

‘ನಿಮ್ಮ ಫೋಟೊಗಳನ್ನು ನಮ್ಮೊಂದಿಗೆ ಹಂಚಿಕೊಳ್ಳಿ’ ಎಂದು ಬರೆದಿದ್ದೆ. ಬಳಗದ ಹಿರಿಯರೊಬ್ಬರು ಓದಿ ನಕ್ಕುಬಿಟ್ಟರು. “ಹಂಚ್ಕೊಳ್ಳಕ್ಕ ಇದೇನ್ ಅಪ್ಪನ ಹೊಲ ಅದೇನು?” ಅಂದರು. ಅಂದಿನಿಂದ ಆ ಸಾಲು ನೋಡಿದರೆ ನನಗೂ ವಾಟ್ನಿ ಪತ್ರವೇ (ಆಸ್ತಿ ಪಾಲು ಮಾಡಿದ ಪತ್ರ) ನೆನಪಾಗುತ್ತದೆ. ಬೇರೆ ಮಾತು ಹೇಳಿ. ಫ್ಲೆಕ್ಸ್ ಅಂಗಡಿಯವನಿಗೆ ನಾಳೆ ಬೆಳಿಗ್ಗೆ ಫೈಲ್ ಕೊಡಬೇಕು.

ಇನ್ನೊಂದು. ಪ್ರತಿ ಫೋಟೊದ ಕೆಳಗೆ ಊರು, ವರ್ಷ, ಯಾರು ಅಂತ ಬರೆಯುವ ಚೀಟಿ ಇರುತ್ತದೆ. ಕ್ಯಾಪ್ಶನ್ ಅಂತಾರಲ್ಲ, ಅದಕ್ಕೂ ಒಂದು ಪದ ಇದ್ದರೆ ಒಳ್ಳೆಯದು.

ಅಚ್ಚನುಡಿ, ಸುರಪುರ:

ನಿಮ್ಮ ಹಿರಿಯರಿಗೆ ಹೇಳಿ, ‘ಹಂಚು’ ಅಪ್ಪಟ ಕನ್ನಡ. ಹಳಗನ್ನಡದ ಪಚ್ಚು, ಪಸುಗೆ ಇದರ ಒಡಹುಟ್ಟುಗಳು. ಪ ಹೋಗಿ ಹ ಬಂದಿದೆ, ಅಷ್ಟೇ. ತೆಲುಗಿನವರು ಪ ಉಳಿಸಿಕೊಂಡರು, ಅದಕ್ಕೇ ‘ಪಂಚುಕೋಂಡಿ’ ಅನ್ನುತ್ತಾರೆ. ತಮಿಳಿನಲ್ಲಿ ಪಗಿರ್. ಮಲೆಯಾಳದಲ್ಲಿ ಪಂಗಿಡು. ನಾಲ್ಕೂ ನುಡಿಯವರು ಒಂದೇ ಬೇರು ಹಿಡಿದು ಷೇರ್ ಬಟನ್ನಿಗೆ ಹೆಸರಿಟ್ಟಿದ್ದಾರೆ. ಇಂಥ ಪದ ಕೈಯಲ್ಲಿದ್ದೂ ಬೇರೆ ಹುಡುಕುವುದು ಯಾಕೆ?

ಬದಲಾಯಿಸಬೇಕಾದದ್ದು ‘ಫೋಟೊ’. ‘ತಿಟ್ಟ’ ಅನ್ನಿ. ನಿಮ್ಮ ತಿಟ್ಟಗಳನ್ನು ಹಂಚಿಕೊಳ್ಳಿ. ಮುಗಿಯಿತು.

ಮಳಖೇಡದ ಮೇಷ್ಟ್ರು, ಸೇಡಂ:

ಬೇರು ಸರಿ ಇದ್ದ ಮಾತ್ರಕ್ಕೆ ಬಳಕೆ ಸರಿ ಆಗುವುದಿಲ್ಲ.

‘ಹಂಚು’ವಿನ ಒಳಗೆ ಕಡಿಮೆ ಆಗುವ ಅರ್ಥ ಇದೆ. ಹೊಲ ಹಂಚಿಕೊಂಡರೆ ಎಕರೆ ಕಡಿಮೆ. ಹೋಳಿಗೆ ಹಂಚಿಕೊಂಡರೆ ತಟ್ಟೆಯಲ್ಲಿ ಕಡಿಮೆ. ಖರ್ಚು ಹಂಚಿಕೊಂಡರೆ ತಲೆಗೆ ಬೀಳುವುದು ಕಡಿಮೆ. ನೀವು ಬಳಗಕ್ಕೆ ಫೋಟೊ ಕಳಿಸಿದರೆ ನಿಮ್ಮ ಫೋನಿನಿಂದ ಅದು ಎಲ್ಲಿ ಹೋಯಿತು? ಅಲ್ಲೇ ಇದೆ. ‘ಸುಖದುಃಖ ಹಂಚಿಕೊಂಡರು’ ಅನ್ನುತ್ತೇವಲ್ಲ ಎಂದು ವಾದ ಬರುತ್ತದೆ, ಗೊತ್ತು. ಅಲ್ಲೂ ದುಃಖ ಹಗುರಾಗಲಿ ಎಂದೇ ಹಂಚಿಕೊಳ್ಳುವುದು.

ಇನ್ನು ‘ಕೊಳ್ಳು’. ಹಂಚು ಬೇರೆ, ಹಂಚಿಕೊಳ್ಳು ಬೇರೆ. ಹಂಚಿಕೊಂಡವನು ತನ್ನ ಪಾಲು ತಾನು ತೆಗೆದುಕೊಳ್ಳುತ್ತಾನೆ. ‘ನಮ್ಮೊಂದಿಗೆ’ ಅನ್ನುವುದಂತೂ ಇಂಗ್ಲಿಷಿನ ನೆರಳು. ಕನ್ನಡದಲ್ಲಿ ಇನ್ನೊಬ್ಬರಿಗೆ ಕೊಡುತ್ತೇವೆ, ಇನ್ನೊಬ್ಬರಿಗೆ ತೋರಿಸುತ್ತೇವೆ. ‘ಒಂದಿಗೆ’ ಯಾರೂ ತೋರಿಸುವುದಿಲ್ಲ.

‘ಚಿತ್ರಹಂಚಿಕೆ’ ಎಂದು ಮಾತ್ರ ಬರೆಯಬೇಡಿ. ಅರಿಸಮಾಸ. ಸಂಸ್ಕೃತವನ್ನೂ ಕನ್ನಡವನ್ನೂ ಹೀಗೆ ಜೋಡಿಸಬೇಡಿ ಎಂದು ‘ಕವಿರಾಜಮಾರ್ಗ’ 9ನೇ ಶತಮಾನದಲ್ಲೇ ಎಚ್ಚರಿಸಿದೆ. ಅದು ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ, ಅಂದರೆ ನಮ್ಮ ತಾಲ್ಲೂಕಿನ ಮಳಖೇಡದಲ್ಲಿ. ಬೇರೆಯವರು ಮರೆತರೂ ನಾವು ಮರೆಯಬಾರದು.

ತಿಟ್ಟ? ಹಾಲಿನ ಬಾಗಿಲಲ್ಲಿ ಒಬ್ಬರನ್ನು ಕೇಳಿ ನೋಡಿ.

ಅಚ್ಚನುಡಿ, ಸುರಪುರ:

ಕೇಳದೆ ಇದ್ದರೆ ಯಾವ ಪದವೂ ಗೊತ್ತಾಗುವುದಿಲ್ಲ ಮೇಷ್ಟ್ರೇ. ‘ಛಾಯಾಚಿತ್ರ’ ಯಾರ ಮನೆಯಲ್ಲಿ ಹುಟ್ಟಿತ್ತು? ಶಾಲೆಯಲ್ಲಿ ಬಾಯಿಪಾಠ ಮಾಡಿಸಿದಿರಿ, ಬಂತು.

ಸ್ಟುಡಿಯೊದವ, ಶಹಾಪುರ:

ನಾನು ವ್ಯಾಕರಣ ಓದಿದವನಲ್ಲ. ಫೋಟೊ ಸ್ಟುಡಿಯೊ ನಡೆಸುತ್ತೇನೆ. ಗಿರಾಕಿ ಏನು ಅಂತಾರೆ ಅಷ್ಟು ಹೇಳಬಲ್ಲೆ.

ಫೋಟೊ ‘ತೆಗಿ’, ‘ಹೊಡಿ’. ದೊಡ್ಡವರು ತೆಗೆಸಿಕೊಳ್ಳುತ್ತಾರೆ, ಹುಡುಗರು ಹೊಡೆಯುತ್ತಾರೆ. ಸೆಲ್ಫಿ ಹೊಡೆಯುವುದೇ ಹೊರತು ತೆಗೆಯುವುದು ಕಡಿಮೆ. ರೀಲಿನ ಕಾಲದಲ್ಲಿ ‘ತೊಳಸ್ರಿ’ ಅಂತಿದ್ದರು, ಈಗ ಆ ಮಾತೇ ಹೋಯಿತು. ಪ್ರಿಂಟ್ ‘ಹಾಕಿಸು’ತ್ತಾರೆ. ಇನ್ನೊಂದು ಬೇಕಾದರೆ ‘ಕಾಪಿ ಹೊಡಿಸು’.

ನೀವು ಷೇರ್ ಅನ್ನುವ ಜಾಗದಲ್ಲಿ ನಮ್ಮ ಜನ ಒಂದೇ ಮಾತು ಇಟ್ಟುಕೊಂಡಿಲ್ಲ. ಒಬ್ಬರಿಗೆ ಆದರೆ ‘ಕಳಸು’, ಇಲ್ಲ ‘ಬಿಡು’. “ಆ ಬೆಟ್ಟದ್ದು ಎರಡು ಫೋಟೊ ನನಗ್ ಬಿಡಪಾ” ಅಂತಾರೆ. ಗ್ರೂಪಿಗೆ ಆದರೆ ‘ಹಾಕು’. ಸ್ಟೇಟಸ್ ಆದರೆ ‘ಇಡು’. “ಬುದ್ಧ ಮಲಗಿದ ಬೆಟ್ಟದ ಮುಂದ ನಿಂತು ಸ್ಟೇಟಸ್ ಇಟ್ಟಾನ” ಅಂತಾರೆ (ನಮ್ಮೂರ ಬೆಟ್ಟ, ಮಲಗಿದ ಬುದ್ಧನ ಹಾಗೆ ಕಾಣುತ್ತದೆ). ಸ್ಟೇಟಸ್ ಕಳಿಸಿದ ಅಂತ ಒಬ್ಬರೂ ಅನ್ನುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಆದರೆ ‘ತೋರಿಸು’. ಇಷ್ಟೂ ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದೇ ಮಾತು ಸಾಕಾಗುತ್ತದಂತೆ. ನಮಗೆ ಯಾಕೆ ಒಂದೇ ಬೇಕು?

ನಿಮ್ಮ ಹಾಲಿನಲ್ಲಿ ಜನ ಏನು ಮಾಡುತ್ತಾರೆ ನೋಡಿ. ದಾರಕ್ಕೆ ಸಿಕ್ಕಿಸುತ್ತಾರೆ. ‘ಸಿಕ್ಕಿಸಿ’ ಅಂತ ಬರೆಯಿರಿ.

ಮಳಖೇಡದ ಮೇಷ್ಟ್ರು, ಸೇಡಂ:

ಸ್ಟುಡಿಯೊದವರ ಮಾತು ಒಪ್ಪತಕ್ಕದ್ದು. ‘ಇಡು’ವಿನ ಬಗ್ಗೆ ಒಂದು ಮಾತು. ಇಟ್ಟದ್ದು ಇಟ್ಟಲ್ಲೇ ಇರುತ್ತದೆ, ನೋಡುವವನು ಅಲ್ಲಿಗೆ ಬರಬೇಕು. ಕಳಿಸಿದ್ದು ತಾನೇ ಹೋಗುತ್ತದೆ. ಜನ ಇದನ್ನು ಯಾವ ಪಂಡಿತರನ್ನೂ ಕೇಳದೆ ವಿಂಗಡಿಸಿಕೊಂಡಿದ್ದಾರೆ.

ಬಸವಭೂಮಿ, ಬಸವಕಲ್ಯಾಣ:

ಇಷ್ಟೆಲ್ಲ ಯಾಕೆ? ಕೊಟ್ಟರೂ ಕಡಿಮೆ ಆಗದ ಹಂಚಿಕೆಗೆ ನಮ್ಮ ನೆಲದಲ್ಲೇ ಮಾತಿದೆ. ‘ಚಿತ್ರ ದಾಸೋಹ’. ಶರಣರ ಮಾತು, ಬೋರ್ಡಿಗೂ ತೂಕ ಬರುತ್ತದೆ.

ಮಳಖೇಡದ ಮೇಷ್ಟ್ರು, ಸೇಡಂ:

ಬೇಡ. ಎಲ್ಲದಕ್ಕೂ ದಾಸೋಹ ಹಚ್ಚಿ ಹಚ್ಚಿ ಆ ಪದ ಸವೆದಿದೆ. ಕಾಯಕ, ಪ್ರಸಾದಗಳ ಜೊತೆ ಸೇರಿದ ಮಾತು ಅದು. ಸೆಲ್ಫಿಗೆ ಹೊಂದುವುದಿಲ್ಲ.

ಅಷ್ಟೂರು ಹಾದಿ, ಬೀದರ್:

ನಾನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುತ್ತೇನೆ ಅಷ್ಟೇ. ಇವತ್ತು ಬರೆಯಬೇಕು ಅನ್ನಿಸಿತು.

ನಿಮಗೆಲ್ಲ ಇದು ಪದದ ಜಗಳ. ನಮ್ಮ ಮನೆಯಲ್ಲಿ ಇದೇ ಪದದಿಂದ ರಂಪ ಆಗಿದೆ. ಚಿಕ್ಕಮ್ಮನ ಮಗಳ ಲಗ್ನ ಗೊತ್ತಾದ ಮೇಲೆ ಎಲ್ಲರೂ ಅಷ್ಟೂರಿಗೆ ಹೋಗಿದ್ದೆವು. ಹಿಂದೆ ಬಹಮನಿ ಸುಲ್ತಾನರ ಗುಂಬಜುಗಳ ಸಾಲು, ಮುಂದೆ ಇವಳು. ಗಾಳಿಗೆ ಸೆರಗು ಎದ್ದು ಅರ್ಧ ಮುಖ ಮುಚ್ಚಿದೆ. ಕೈಯಲ್ಲಿ ಚಪ್ಪಲಿ. ಸೆರಗಿನ ಮೇಲಿಂದ ಕಾಣುವ ಒಂದೇ ಕಣ್ಣು ನಗುತ್ತಿದೆ. ನಾನೇ ತೆಗೆದದ್ದು, ಚೆನ್ನಾಗಿ ಬಂದಿತ್ತು. ಮನೆಯವರದ್ದೇ ಗ್ರೂಪಿಗೆ ಹಾಕಿದೆ. ಮುಂದೆ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೋ. ಲಗ್ನದ ಹೊತ್ತಿಗೆ ಒಂದು ಸೀರೆ ಅಂಗಡಿಯ ಫ್ಲೆಕ್ಸಿನಲ್ಲಿ ಅವಳೇ ನಿಂತಿದ್ದಳು. ಕೇಳಲು ಹೋದರೆ ಅವರ ಉತ್ತರ: “ಷೇರ್ ಆಗಿತ್ತಲ್ಲ ಅಕ್ಕಾ.”

ನಾನು ತೋರಿಸಿದ್ದೆ. ಕೊಟ್ಟಿರಲಿಲ್ಲ. ಈ ಎರಡರ ನಡುವಿನ ಗೋಡೆಯನ್ನು ‘ಷೇರ್’ ಕೆಡವಿದೆ, ‘ಹಂಚಿಕೊಳ್ಳಿ’ಯೂ ಅದನ್ನೇ ಮಾಡುತ್ತದೆ. ಹಂಚಿದ ಮೇಲೆ ಪಾಲು ಅವರದ್ದು ಅಲ್ವಾ? ಪಹಣಿಯಲ್ಲಿ ಹಿಸ್ಸಾ ಬೇರೆ ಆದ ಮೇಲೆ ಆ ತುಂಡು ಅವರ ಹೆಸರಿನದೇ. ಫೋಟೊ ಹಾಗಲ್ಲ.

ತೊಗರಿಹೊಲ ಅವರೇ, ನಿಮ್ಮ ಹಾಲಿನಲ್ಲಿ ಎರಡು ದಾರ ಕಟ್ಟಿ. ಗವಾನ್ ಮದರಸಾದ ಮಿನಾರು, ಅದರ ಮೈಮೇಲೆ ಇನ್ನೂ ಉಳಿದ ನೀಲಿ ಬಿಲ್ಲೆಗಳು, ಯಾದಗಿರಿ ಕೋಟೆ, ಇವೆಲ್ಲ ಒಂದು ದಾರ. ಯಾರು ಬೇಕಾದರೂ ತೆಗೆದುಕೊಳ್ಳಲಿ. ಮನೆಯ ಫೋಟೊಗಳದು ಇನ್ನೊಂದು ದಾರ. ಅಲ್ಲಿ ‘ನೋಡಲು ಮಾತ್ರ’ ಎಂದು ಬರೆಯಿರಿ. ಅದರಲ್ಲೂ ಹೆಣ್ಣುಮಕ್ಕಳ ಫೋಟೊ ಇದ್ದರೆ ಅವರನ್ನೇ ಕೇಳಿ. ಅವರ ಅಣ್ಣನನ್ನೋ ಗಂಡನನ್ನೋ ಅಲ್ಲ.

ತೊಗರಿಹೊಲ, ಕಲಬುರಗಿ:

ಅಕ್ಕಾ, ಎರಡು ದಾರ ಖಂಡಿತ. ಬಳಗದವರಿಗೆ ಈಗಲೇ ಹೇಳಿದೆ.

ಕ್ಯಾಪ್ಶನ್ ಮಾತು ಯಾರೂ ಎತ್ತಲಿಲ್ಲ.

ಮಳಖೇಡದ ಮೇಷ್ಟ್ರು, ಸೇಡಂ:

‘ಅಡಿಬರಹ’. ಪತ್ರಿಕೆಯವರ ಬಳಕೆಯಲ್ಲೇ ಇದೆ. ‘ಶೀರ್ಷಿಕೆ’ ಬೇಡ. ಶೀರ್ಷ ಅಂದರೆ ತಲೆ, ನಿಮ್ಮ ಚೀಟಿ ಇರುವುದು ಕಾಲ ಬಳಿ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹಕ್ಕು ಇದೆ. ಸನ್ನತಿ ಪಕ್ಕ, ಭೀಮಾ ನದಿಯ ದಂಡೆಯ ಕನಗನಹಳ್ಳಿ ಸ್ತೂಪದಲ್ಲಿ ಒಂದು ಕಲ್ಲಿನ ಫಲಕ ಸಿಕ್ಕಿತು. ರಾಜ, ಪಕ್ಕದಲ್ಲಿ ರಾಣಿ, ಸುತ್ತ ಛತ್ರಿ ಚಾಮರ ಹಿಡಿದ ಹೆಂಗಸರು. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದ್ದಾರೆ. ಅದು ಇಲ್ಲದಿದ್ದರೆ ಆ ರಾಜ ಯಾರು ಅಂತ ಇವತ್ತು ಊಹೆ ಮಾಡುತ್ತಾ ಕೂರಬೇಕಿತ್ತು. ಎರಡೇ ಪದ. ಯಾರು ಅನ್ನುವುದು ತಿಳಿಯಿತು, ಕೆಲಸ ಆಯಿತು. ನಿಮ್ಮ ಬಳಗದವರು ಫೋಟೊದ ಕೆಳಗೆ ‘ಬದುಕು ಒಂದು ಪಯಣ’ ಎಂದೆಲ್ಲ ಬರೆಯುವ ಬದಲು ಊರು, ವರ್ಷ, ಹೆಸರು ಬರೆಯಲಿ.

ಅಚ್ಚನುಡಿ, ಸುರಪುರ:

‘ಅಡಿಬರಹ’ ಒಪ್ಪಿದೆ, ಅಪ್ಪಟ ಕನ್ನಡ. ಆದರೆ ‘ಫೋಟೊ’ ಹಾಗೇ ಉಳಿಯಿತು, ಯಾರಿಗೂ ನೋವಿಲ್ಲ. ಬೋರ್ಡಿನ ಮೊದಲ ಪದವೇ ಸಾಲ ತಂದದ್ದು. ಹೀಗೇ ಬಿಟ್ಟರೆ ಇನ್ನು ಸ್ವಲ್ಪ ದಿನಕ್ಕೆ ‘ನಿಮ್ಮ’ ಮಾತ್ರ ಕನ್ನಡ ಉಳಿಯುತ್ತದೆ.

ಅಷ್ಟೂರು ಹಾದಿ, ಬೀದರ್:

ಅಣ್ಣಾ, ನಮ್ಮ ಅಜ್ಜಿ ಗೋಡೆಗೆ ಹಾಕಿದ ಫೋಟೊಕ್ಕೆ ‘ತಸ್ವೀರ್’ ಅಂತಿದ್ದಳು. ತಮ್ಮನ ಬಾಯಲ್ಲಿ ‘ಪಿಕ್’. ಇಬ್ಬರ ಕನ್ನಡಕ್ಕೂ ಏನೂ ಆಗಿಲ್ಲ. ಬಜಾರ, ದವಾಖಾನೆ, ಖುರ್ಚಿ, ಕಚೇರಿ, ತಹಶೀಲ್ದಾರ. ಇವನ್ನೆಲ್ಲ ವಾಪಸ್ ಕೊಟ್ಟು ಬೀದರಿನಲ್ಲಿ ಒಂದು ದಿನ ಓಡಾಡಿ ತೋರಿಸಿ ನೋಡೋಣ.

ಅಚ್ಚನುಡಿ, ಸುರಪುರ:

ಅವು ಎಷ್ಟೋ ತಲೆಮಾರಿನ ಹಿಂದೆ ಬಂದವು, ನಮ್ಮ ಬಾಯಿಗೆ ತಿರುಗಿದವು. ಇಂಗ್ಲಿಷ್ ಹಾಗಲ್ಲ. ನಮ್ಮ ಪದ ಇದ್ದಾಗಲೇ ಅದನ್ನು ಎಬ್ಬಿಸಿ ತಾನು ಕೂರುತ್ತದೆ.

ಮಳಖೇಡದ ಮೇಷ್ಟ್ರು, ಸೇಡಂ:

‘ಫೋಟೊ’ ಯಾವ ಪದವನ್ನು ಎಬ್ಬಿಸಿತು? ಆ ವಸ್ತು ಬರುವ ಮೊದಲು ಪದವೇ ಇರಲಿಲ್ಲ. ವಸ್ತುವಿನ ಜೊತೆ ಬಂದದ್ದು ಸಾಲ ಅಲ್ಲ, ಉಡುಗೊರೆ.

ಅಚ್ಚನುಡಿ, ಸುರಪುರ:

‘ಪಟ’ ಇತ್ತು.

ಮಳಖೇಡದ ಮೇಷ್ಟ್ರು, ಸೇಡಂ:

ಸಂಸ್ಕೃತ. ಬಟ್ಟೆ ಅಂತ ಅರ್ಥ. ನಿಮ್ಮ ಪಟ್ಟಿಯಲ್ಲಿ ಸಂಸ್ಕೃತ ನಡೆಯುತ್ತದಾ?

ಸ್ಟುಡಿಯೊದವ, ಶಹಾಪುರ:

ಸರ್, ನಡುವೆ ಬಾಯಿ ಹಾಕುತ್ತೇನೆ. ಗುಲ್ಬರ್ಗಾ ಹೋಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಬೋರ್ಡೆಲ್ಲ ಬದಲಾದವು, ಒಳ್ಳೆಯದೇ ಆಯಿತು, ಜನ ಬಾಯಲ್ಲಿ ಮೊದಲೂ ಕಲಬುರ್ಗಿ ಅಂತಲೇ ಇದ್ದರು. ಬೋರ್ಡ್ ಜನರ ಬಾಯಿಗೆ ಬಂದು ಸೇರಿತು, ಅದಕ್ಕೇ ನಿಂತಿತು. ತಿಟ್ಟ ಯಾರ ಬಾಯಲ್ಲಿದೆ? ನನ್ನ ಸ್ಟುಡಿಯೊ ಮೇಲೆ ‘ತಿಟ್ಟದ ಅಂಗಡಿ’ ಅಂತ ಬರೆಸಿದರೆ ಹಿಟ್ಟಿನ ಗಿರಣಿ ಅಂದುಕೊಂಡು ಜನ ಕಾಳು ಹೊತ್ತು ತರುತ್ತಾರೆ.

ಅಚ್ಚನುಡಿ, ಸುರಪುರ:

ನಗಿ. ‘ಗಣಕಯಂತ್ರ’ಕ್ಕೆ ಯಾರೂ ನಗಲಿಲ್ಲ.

ಅಷ್ಟೂರು ಹಾದಿ, ಬೀದರ್:

ಎಲ್ಲರೂ ನಕ್ಕಿದ್ದರು. ಕಂಪ್ಯೂಟರ್ ಅಂತಲೇ ಅಂತಾರೆ.

ತೊಗರಿಹೊಲ, ಕಲಬುರಗಿ:

ಸಾಲದ ಲೆಕ್ಕ ನೀವು ಮುಂದುವರಿಸಿ, ನನಗೆ ಹೊತ್ತಾಯಿತು. ಫ್ಲೆಕ್ಸ್ ಹೀಗೆ ಮಾಡಿದ್ದೇನೆ.

ಬಾಗಿಲಲ್ಲಿ: ‘ನಿಮ್ಮ ಫೋಟೊ ತನ್ನಿ, ಇಲ್ಲಿ ಸಿಕ್ಕಿಸಿ. ಎಲ್ಲರೂ ನೋಡಲಿ.’

ಮೊದಲ ದಾರದ ಮೇಲೆ: ‘ಊರು ತಿರುಗಾಟ. ಬೇಕಾದವರು ಕಾಪಿ ಕೇಳಿ ಪಡೆಯಿರಿ.’

ಎರಡನೆಯ ದಾರದ ಮೇಲೆ: ‘ಮನೆಯವರು. ನೋಡಲು ಮಾತ್ರ. ದಯವಿಟ್ಟು ಫೋಟೊ ತೆಗೆಯಬೇಡಿ.’

‘ಹಂಚಿಕೊಳ್ಳಿ’ ಎಲ್ಲೂ ಇಲ್ಲ. ಚೀಟಿಯ ಮೇಲೆ ‘ಅಡಿಬರಹ’ ಅಂತಲೂ ಹಾಕಲಿಲ್ಲ. ಊರು, ವರ್ಷ, ಯಾರು ಅಂತ ಮೂರು ಗೆರೆ ಎಳೆದಿದ್ದೇನೆ.

ಸ್ಟುಡಿಯೊದವ, ಶಹಾಪುರ:

ಒಂದು ನಿಮಿಷ. ‘ಫೋಟೊ ತೆಗೆಯಬೇಡಿ’ ಅಂದರೆ ಎರಡು ಅರ್ಥ ಬರುತ್ತದೆ ನೋಡಿ. ಮೊಬೈಲಿನಲ್ಲಿ ಹೊಡೆಯಬೇಡಿ ಅಂತಲೂ ಆಯಿತು, ದಾರದಿಂದ ಬಿಚ್ಚಬೇಡಿ ಅಂತಲೂ ಆಯಿತು. ‘ಹೊಡೆಯಬೇಡಿ’ ಅಂತ ಮಾಡಿ.

ಮಳಖೇಡದ ಮೇಷ್ಟ್ರು, ಸೇಡಂ:

‘ಹೊಡೆಯಬೇಡಿ’ ಬೋರ್ಡಿಗೆ ಒರಟಾಯಿತು. ‘ಕ್ಲಿಕ್ಕಿಸಬೇಡಿ’ ಎಂದು ಪತ್ರಿಕೆಗಳು ಬರೆಯುತ್ತವೆ, ಅದು ಇನ್ನೂ ಕೆಟ್ಟದು.

ಅಚ್ಚನುಡಿ, ಸುರಪುರ:

‘ಸೆರೆಹಿಡಿಯಬೇಡಿ’.

ಅಷ್ಟೂರು ಹಾದಿ, ಬೀದರ್:

ಅದು ಪೊಲೀಸರ ಮಾತು.

ತೊಗರಿಹೊಲ, ಕಲಬುರಗಿ:

ಹೊಡೆಯುವುದೂ ಬೇಡ, ಬಿಚ್ಚುವುದೂ ಬೇಡ. ಎರಡೂ ಅರ್ಥ ನನಗೆ ಬೇಕಾದದ್ದೇ. ‘ತೆಗೆಯಬೇಡಿ’ ಇರಲಿ. ಫೈಲ್ ಕಳಿಸಿಬಿಟ್ಟೆ.