ರನ್, ಸೆಟ್, ಗೆಟ್, ಆಫ್: ಇಷ್ಟೊಂದು ಅರ್ಥಗಳಲ್ಲಿ ಸರಿಯಾದದ್ದನ್ನು ಹಿಡಿಯುವುದು ಹೇಗೆ?

ಪುಟಮಗುಚು:
ಉದ್ದುದ್ದ ಇಂಗ್ಲಿಷ್ ಪದಗಳಿಂದ ತೊಂದರೆ ಇಲ್ಲ. 'ಫೋಟೋಸಿಂಥೆಸಿಸ್' ಎಲ್ಲಿ ಬಂದರೂ ಅದೇ ಅರ್ಥ. ತೊಡಕಾಗುವುದು ಮೂರಕ್ಷರದ ಪದಗಳಲ್ಲಿ. 'ದ ಪ್ಲೇ ರ‍್ಯಾನ್ ಫಾರ್ ಟೂ ಇಯರ್ಸ್', 'ಹರ್ ನೋಸ್ ಈಸ್ ರನ್ನಿಂಗ್', 'ಹಿ ರನ್ಸ್ ಎ ಸ್ಕೂಲ್' ಈ ಮೂರರಲ್ಲೂ ಓಟವೇ ಇಲ್ಲ. ನಿಘಂಟು ತೆರೆದರೆ ಪುಟಗಟ್ಟಲೆ ಅರ್ಥ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಓದುತ್ತಿದ್ದ ವಾಕ್ಯವೇ ಮರೆತಿರುತ್ತದೆ. ಓದುವಾಗ ಬೇಗ ಸರಿಯಾದ ಅರ್ಥಕ್ಕೆ ಬರಲು ಏನಾದರೂ ಕ್ರಮ ಇದೆಯೇ? ನೋಟ್‌ಬುಕ್ಕಿನಲ್ಲಿ ಇವನ್ನು ಹೇಗೆ ಬರೆದಿಟ್ಟುಕೊಳ್ಳಬೇಕು?

ನಿಘಂಟುಪ್ರಿಯ:
ಎಲ್ಲವನ್ನೂ ಬಾಯಿಪಾಠ ಮಾಡುವ ಯೋಚನೆ ಮೊದಲು ಬಿಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ 'ಸೆಟ್' ಒಂದಕ್ಕೇ 430 ಅರ್ಥಗಳಿದ್ದವು. ಆಮೇಲಿನ ಪರಿಷ್ಕರಣೆಯಲ್ಲಿ 'ರನ್' ಕ್ರಿಯಾಪದ 645ಕ್ಕೆ ಏರಿ ಅದನ್ನು ಹಿಂದೆ ಹಾಕಿತು. ಹೆಚ್ಚು ಬಳಕೆಯ ಪದಕ್ಕೆ ಹೆಚ್ಚು ಅರ್ಥ ಎಂಬುದನ್ನು ಅಮೆರಿಕದ ಭಾಷಾತಜ್ಞ ಜಾರ್ಜ್ ಕಿಂಗ್ಸ್‌ಲಿ ಜಿಫ್ 1945ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಹಾಗಾಗಿ ಪದದ ಅಕ್ಕಪಕ್ಕ ಏನಿದೆ ನೋಡಿ. ಅದು ನಾಮಪದವೋ, ಕ್ರಿಯಾಪದವೋ, ವಿಶೇಷಣವೋ ಎಂದು ಮೊದಲು ತೀರ್ಮಾನಿಸಿ. ಎಷ್ಟೋ ಅರ್ಥಗಳು ಅಲ್ಲೇ ಕಳಚಿಕೊಳ್ಳುತ್ತವೆ. ಕ್ರಿಯಾಪದವಾದರೆ ಕರ್ಮ ಇದೆಯೇ? 'ರನ್' ಮುಂದೆ ಸಂಸ್ಥೆ ಬಂದರೆ ನಡೆಸುವುದು, ಪ್ರೋಗ್ರಾಂ ಬಂದರೆ ಚಾಲೂ ಮಾಡುವುದು, 'ಎ ಬಾತ್' ಬಂದರೆ ಸ್ನಾನದ ತೊಟ್ಟಿಗೆ ನೀರು ಬಿಡುವುದು, 'ಎ ಟೆಂಪರೇಚರ್' ಬಂದರೆ ಜ್ವರ ಇರುವುದು, ಪತ್ರಿಕೆಯೊಂದು 'ಎ ಸ್ಟೋರಿ' ರನ್ ಮಾಡಿದರೆ ಪ್ರಕಟಿಸುವುದು. ಕರ್ಮ ಇಲ್ಲವೆಂದರೆ ಕರ್ತೃವನ್ನು ಹಿಡಿಯಿರಿ. ಮೂಗು ಸೋರುತ್ತದೆ, ರಸ್ತೆ ಹಾದುಹೋಗುತ್ತದೆ, ನಾಟಕ ಪ್ರದರ್ಶನ ಕಾಣುತ್ತದೆ, ಒಪ್ಪಂದ ಜಾರಿಯಲ್ಲಿರುತ್ತದೆ. 'ರನ್ ಡ್ರೈ', 'ರನ್ ಶಾರ್ಟ್' ಎಂದು ಬರೀ ವಿಶೇಷಣ ಬೆನ್ನಿಗೆ ಬಂದರೆ 'ಆಗು' ಎಂದುಕೊಳ್ಳಿ: ಬತ್ತಿಹೋಯಿತು, ಸಾಲದಾಯಿತು.

'ಗೆಟ್' ಕೂಡ ಹೀಗೇ. 'ಗೆಟ್ ಕೋಲ್ಡ್' ಅಂದರೆ ತಣ್ಣಗಾಗು, ಆದರೆ 'ಗೆಟ್ ಎ ಕೋಲ್ಡ್' ಅಂದರೆ ನೆಗಡಿ ಆಗು. ನಡುವಿನ ಒಂದು 'ಎ' ಇಡೀ ಅರ್ಥವನ್ನು ತಿರುಗಿಸುತ್ತದೆ. 'ಗೆಟ್ ಟು ದ ಸ್ಟೇಷನ್' ತಲುಪುವುದು, 'ಗೆಟ್ ದ ಜೋಕ್' ಅರ್ಥವಾಗುವುದು, 'ಗೆಟ್ ಹಿಮ್ ಟು ಸೈನ್' ಒಪ್ಪಿಸಿ ಸಹಿ ಹಾಕಿಸುವುದು.

ನಿಘಂಟಿನ ಬಗ್ಗೆ ಒಂದು ಮಾತು. ಮೇಲೆ ಹೇಳಿದ ದೊಡ್ಡ ಆಕ್ಸ್‌ಫರ್ಡ್ ಅರ್ಥಗಳನ್ನು ಇತಿಹಾಸದ ಕ್ರಮದಲ್ಲಿ ಕೊಡುತ್ತದೆ, ಹಳೆಯದು ಮೊದಲು. ಅಲ್ಲಿನ ಮೊದಲ ಅರ್ಥ ಈಗ ಬಳಕೆಯಲ್ಲೇ ಇಲ್ಲದಿರಬಹುದು. ನಿಮಗೆ ಬೇಕಾದದ್ದು ಕಲಿಯುವವರಿಗಾಗಿ ಮಾಡಿದ ಲರ್ನರ್ಸ್ ಡಿಕ್ಷನರಿ. ಅದರಲ್ಲಿ ಸಾಮಾನ್ಯವಾಗಿ ಹೆಚ್ಚು ಬಳಕೆಯ ಅರ್ಥ ಮೊದಲು ಬರುತ್ತದೆ, ಪ್ರತಿ ಅರ್ಥಕ್ಕೂ ಉದಾಹರಣೆ ವಾಕ್ಯ ಇರುತ್ತದೆ. ವಿವರಣೆ ಓದುತ್ತಾ ಕೂರಬೇಡಿ. ಉದಾಹರಣೆಗಳ ಮೇಲೆ ಕಣ್ಣಾಡಿಸಿ, ನಿಮ್ಮ ವಾಕ್ಯದಂಥದ್ದೇ ಕರ್ಮ ಇರುವ ಕಡೆ ನಿಲ್ಲಿ.

ಬೇರುಬಿಳಲು:
ಮೇಲಿನದು ಸರಿ, ಒಂದು ಎಚ್ಚರಿಕೆ ಸೇರಿಸುತ್ತೇನೆ. ಎಲ್ಲ ಅರ್ಥಗಳೂ ಒಂದೇ ಬೇರಿನಿಂದ ಬಂದಿವೆ ಎಂದುಕೊಂಡು ಎಳೆದು ಜೋಡಿಸಲು ಹೋಗಬೇಡಿ. 'ಸೌಂಡ್' ನೋಡಿ. ಶಬ್ದ ಎಂಬ ಅರ್ಥದ್ದು ಲ್ಯಾಟಿನ್ ಮೂಲದ್ದು. ಗಟ್ಟಿಮುಟ್ಟಾದ ಎಂಬುದು ಹಳೆಯ ಇಂಗ್ಲಿಷಿನದು; 'ಸೌಂಡ್ ಸ್ಲೀಪ್' ಇದರಿಂದ ಬಂದದ್ದು, ಅಲ್ಲಿ ಸದ್ದಿನ ಮಾತೇ ಇಲ್ಲ. ಕಿರಿದಾದ ಸಮುದ್ರಭಾಗ ಒಂದು, ನೀರಿನ ಆಳ ಅಳೆಯುವುದು ಇನ್ನೊಂದು. ನಿಘಂಟಿನಲ್ಲಿ ಒಂದೇ ಪದ 1, 2, 3 ಎಂದು ಬೇರೆ ಬೇರೆ ನಮೂದಾಗಿ ಬಂದಿದ್ದರೆ ಅವು ಕಾಗುಣಿತ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳಾಗಿರಬಹುದು. ಅವನ್ನು ಬೇರೆ ಬೇರೆಯಾಗಿಯೇ ಕಲಿಯಿರಿ.

'ಫಾಸ್ಟ್' ಇದಕ್ಕೆ ಉಲ್ಟಾ. ವೇಗದ, ಬಿಗಿಯಾದ, ಉಪವಾಸ ಮಾಡು, ಮೂರೂ 'ಗಟ್ಟಿಯಾಗಿ ನಿಂತ' ಎಂಬ ಒಂದೇ ಮೂಲದಿಂದ ಹೊರಟವು. ಬಟ್ಟೆಯ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ: 'ಫಾಸ್ಟ್ ಕಲರ್' ಅಂದರೆ ಬಿಡದ ಬಣ್ಣ, 'ದ ಕಲರ್ಸ್ ರ‍್ಯಾನ್' ಅಂದರೆ ಬಣ್ಣ ಬಿಟ್ಟಿತು. ಬೇರೆಡೆ ಎರಡೂ ಓಟಕ್ಕೆ ಸೇರಿದ ಪದಗಳು, ಇಲ್ಲಿ ಒಂದಕ್ಕೊಂದು ವಿರುದ್ಧ.

ಪುಟಮಗುಚು:
ಇಬ್ಬರಿಗೂ ಧನ್ಯವಾದ. ಈಗ ಕರ್ತೃ, ಕರ್ಮ ನೋಡುತ್ತಿದ್ದೇನೆ. ಆದರೆ 'ದ ಲೈಟ್ಸ್ ವೆಂಟ್ ಆಫ್ ಅಂಡ್ ದ ಅಲಾರಂ ವೆಂಟ್ ಆಫ್'? ದೀಪ ಆರಿತು ಸರಿ. ಅಲಾರಂ ಕೂಡ ನಿಂತಿತೇ?

ವಾಕ್ಯಶೋಧ:
ಇಲ್ಲ, ಅಲಾರಂ ಹೊಡೆದುಕೊಂಡಿತು. ಅದನ್ನು ನಿಲ್ಲಿಸುವುದಕ್ಕೆ 'ಟರ್ನ್ ಆಫ್'. 'ಗೋ ಆಫ್' ಮಾಡುವುದು ಬಾಂಬ್ ಆದರೆ ಸಿಡಿಯಿತು, ಹಾಲಾದರೆ ಕೆಟ್ಟಿತು, ಮನುಷ್ಯ ಆದರೆ ಹೊರಟುಹೋದ. 'ಆಫ್' ಎಂದರೆ ಬಂದ್ ಎಂಬುದು ಸ್ವಿಚ್ಚಿನಿಂದ ನಮ್ಮ ತಲೆಯಲ್ಲಿ ಕೂತದ್ದು. ಪದದ ಹಳೆಯ ಅರ್ಥ 'ಇದ್ದಲ್ಲಿಂದ ಆಚೆಗೆ'. ಕನ್ನಡದಲ್ಲೂ ಬಸ್ ಹಿಡಿ, ತುಕ್ಕು ಹಿಡಿ, ಮಳೆ ಹಿಡಿ, ಹೊತ್ತು ಹಿಡಿ ಎನ್ನುವಾಗ ನಾವು 'ಹಿಡಿ'ಯನ್ನು ಒಂಟಿಯಾಗಿ ಅರ್ಥಮಾಡುವುದಿಲ್ಲ, ಜೋಡಿಯಾಗಿಯೇ ಕೇಳಿಸಿಕೊಳ್ಳುತ್ತೇವೆ. 'ಗೋ ಆಫ್' ಅನ್ನೂ ಒಂದೇ ಕ್ರಿಯಾಪದ ಎಂದು ಹಿಡಿಯಿರಿ.

ಕ್ರಿಯಾಪದದ ಮುಂದಿನ ಸಣ್ಣ ಪದ ಅದಕ್ಕೆ ಅಂಟಿದೆಯೋ, ನಾಮಪದಕ್ಕೆ ಸೇರಿದೆಯೋ ತಿಳಿಯಲು ನಾಮಪದದ ಜಾಗದಲ್ಲಿ 'ಇಟ್' ಹಾಕಿ ನೋಡಿ. 'ಶೀ ರ‍್ಯಾನ್ ಅಪ್ ದ ಹಿಲ್' ಆಗುವುದು 'ರ‍್ಯಾನ್ ಅಪ್ ಇಟ್'. ಇಲ್ಲಿ 'ಅಪ್' ಗುಡ್ಡಕ್ಕೆ ಸೇರಿದ್ದು, ಓಡಿ ಹತ್ತಿದಳು. 'ಶೀ ರ‍್ಯಾನ್ ಅಪ್ ಎ ಬಿಲ್' ಆಗುವುದು 'ರ‍್ಯಾನ್ ಇಟ್ ಅಪ್'. ಇಲ್ಲಿ 'ರನ್ ಅಪ್' ಒಂದು ಘಟಕ, ಬಾಕಿ ಬೆಳೆಸಿದಳು. ಈ ಪರೀಕ್ಷೆ ಎಲ್ಲದಕ್ಕೂ ನಡೆಯುವುದಿಲ್ಲ: 'ರನ್ ಇಂಟು' ಅಂದರೆ ಅಚಾನಕ್ ಭೇಟಿಯಾಗು ಎಂಬ ಘಟಕವೇ ಆದರೂ ನಡುವೆ ಏನೂ ತೂರುವುದಿಲ್ಲ. ಅಂಥವು ನಿಘಂಟಿನಲ್ಲಿ ಮೂಲಪದದ ಕೊನೆಗೆ ಫ್ರೇಸಲ್ ವರ್ಬ್ ಎಂಬ ತಲೆಬರಹದಡಿ ಸಿಗುತ್ತವೆ. ನೇರ ಅಲ್ಲಿಗೇ ಹೋಗಿ.

ನೋಟ್‌ಬುಕ್ಕಿನಲ್ಲಿ 'ರನ್ = ಓಡು, ನಡೆಸು, ಸೋರು' ಎಂದು ಸಾಲು ಕಟ್ಟಿದರೆ ಮುಂದೆ ಯಾವುದು ಎಲ್ಲಿಗೆ ಎಂದು ತಿಳಿಯದು. ಜೋಡಿಯನ್ನೇ ಬರೆಯಿರಿ: ಎಡಕ್ಕೆ 'ಅಲಾರಂ / ಬಾಂಬ್ + ಗೋ ಆಫ್', ಬಲಕ್ಕೆ ಕನ್ನಡ, ಕೆಳಗೆ ಓದಿದ ವಾಕ್ಯ ಇದ್ದಹಾಗೆಯೇ. ಒಂದು ಪದಕ್ಕೆ ಒಂದು ಪುಟ ಬಿಡಿ, ಎದುರಾದ ಅರ್ಥವನ್ನಷ್ಟೇ ಸೇರಿಸುತ್ತಾ ಹೋಗಿ. 'ಗೆಟ್', 'ಟೇಕ್', 'ಪುಟ್', 'ಸೆಟ್'ಗೆ ಎರಡೆರಡು ಪುಟ ಬೇಕಾಗುತ್ತದೆ.